ಪಿನ್ನು ಬರಲಿಲ್ಲ ಅಂದರೆ

ನಮ್ಮ ಅಜ್ಜಿಗೆ ಮುಡುಕುತೊರೆ ಜಾತ್ರೆ ಎಂದರೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಹಣ್ಣುಕಾಯಿ ಮಾಡಿಸಿ, ಸಂಜೆಗೆ ಮನೆ ಸೇರುವ ಸಂಗತಿಯಾಗಿರಲಿಲ್ಲ. ಅಲ್ಲಿ ಹೋಗಿ ಇಳಿಯಬೇಕು. ಗಾಡಿ ಬಿಡಬೇಕು, ಮೂರು ಕಲ್ಲಿಟ್ಟು ಒಲೆ ಹೂಡಬೇಕು, ಮೂರು ರಾತ್ರಿ ಗಾಡಿಯ ಮೇಲೂ ಕೆಳಗೂ ಮಲಗಿ ಏಳಬೇಕು. ‘ಹೋಗಿ ಬಂದ್ರ ಜಾತ್ರ ಅಲ್ಲ, ಇದ್ದು ಬಂದ್ರ ಜಾತ್ರ’ ಎನ್ನುತ್ತಿದ್ದಳು.

ನಂಜನಗೂಡಿನಿಂದ ಸುತ್ತೂರಿನ ಕಡೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಕ್ಕೆ ನಮ್ಮೂರು. ಭತ್ತ, ಕಬ್ಬು, ಮೇಲ್ಗಡೆಯ ಹೊಲಗಳಲ್ಲಿ ಹುರುಳಿ. ನಂಜುಂಡೇಶ್ವರ ಹತ್ತಿರದಲ್ಲೇ ಇದ್ದರೂ ನಮ್ಮ ಮನೆಯವರು ವರ್ಷಕ್ಕೊಮ್ಮೆ ಅಷ್ಟು ದೂರದ ಮುಡುಕುತೊರೆಗೆ ಹೋಗುತ್ತಿದ್ದುದಕ್ಕೆ ಭಕ್ತಿಯಷ್ಟೇ ಕಾರಣವಲ್ಲ, ದನ. ತಿ. ನರಸೀಪುರ ತಾಲ್ಲೂಕಿನಲ್ಲಿ, ತಲಕಾಡಿಗೆ ಸಮೀಪ, ಕಾವೇರಿ ದಡದ ಗುಡ್ಡದ ಮೇಲೆ ಮಲ್ಲಿಕಾರ್ಜುನನ ಗುಡಿ. ತಲಕಾಡಿನ ಪಂಚಲಿಂಗಗಳಲ್ಲಿ ಅದೂ ಒಂದು. ಹೊಳೆ ಅಲ್ಲಿ ಮುಡುಕಿಕೊಂಡು ಹರಿಯುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಚಳಿ ಮುಗಿಯುತ್ತಾ ಬರುವ ಹೊತ್ತಿಗೆ ಗುಡ್ಡದ ಸುತ್ತಲಿನ ಬಯಲೆಲ್ಲ ಎತ್ತುಗಳೇ. ಹಲ್ಲು ಹಿಡಿದು ನೋಡುವವರು, ಟವೆಲ್ಲಿನ ಮರೆಯಲ್ಲಿ ಬೆರಳು ಮುಟ್ಟಿ ವ್ಯಾಪಾರ ಕುದುರಿಸುವ ದಳ್ಳಾಳಿಗಳು, ಕೊಂಬಿಗೆ ಬಣ್ಣ ಬಳಿಯುವ ಹುಡುಗರು. ನಮ್ಮಜ್ಜ ಬದುಕಿರುವವರೆಗೂ ಮನೆಗೆ ಬಂದ ಎತ್ತುಗಳೆಲ್ಲ ಆ ಬಯಲಿನವೇ.

ಅಜ್ಜ ಹೋಗುತ್ತಿದ್ದುದು ಕಮಾನು ಗಾಡಿಯಲ್ಲಿ. ಹೊಡೆಯುತ್ತಿದ್ದವರು ಗಾಡಿಯಯ್ಯ. ಅದು ಅವರ ಹೆಸರಲ್ಲ. ನಾವು ಹುಡುಗರು ಕಟ್ಟಿದ ಹೆಸರು. ಸರಿಯಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಅದೇ ಊರಲ್ಲಿದ್ದಾರೆ. ಹದಿನಾಲ್ಕನೆಯ ವಯಸ್ಸಿಗೆ ಜೀತಕ್ಕೆಂದು ನಮ್ಮ ಮನೆಗೆ ಬಂದವರು. ಅವರ ಬೀದಿ ಬೇರೆ, ನಮ್ಮ ಮನೆಯಲ್ಲಿ ಅವರ ಲೋಟ ಬೇರೆ, ಅದು ಕೊಟ್ಟಿಗೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಅಪ್ಪನನ್ನು ಅವರು ‘ಬುದ್ದಿ’ ಎನ್ನುತ್ತಿದ್ದರು, ನನ್ನನ್ನು ‘ಚಿಕ್ಕಬುದ್ದಿ’. ನಾನು ಏಕವಚನದಲ್ಲೇ ಕೂಗುತ್ತಿದ್ದೆ. ಇಲ್ಲಿ ‘ಅವರು’ ಎಂದು ಬರೆಯುತ್ತಿರುವುದು ಬಹಳ ತಡವಾಗಿ ಬಂದ ಅಭ್ಯಾಸ.

ಅಜ್ಜ ಹೋದ ಮೇಲೆ ಅಪ್ಪ ಎತ್ತು ಮಾರಿ ಹಳೆಯ ಟ್ರ್ಯಾಕ್ಟರೊಂದನ್ನು ತಂದರು, ಜೊತೆಗೆ ಎರಡು ಚಕ್ರದ ಟ್ರೈಲರು. ಕಮಾನು ಗಾಡಿ ಹುಣಸೆ ಮರದಡಿ ಕೂತು ಗೆದ್ದಲು ಹಿಡಿಯಿತು. ಗಾಡಿಯಯ್ಯನಿಗೆ ಟ್ರ್ಯಾಕ್ಟರು ಓಡಿಸಲು ಯಾರೂ ಕಲಿಸಲಿಲ್ಲ. ಚಿಕ್ಕಪ್ಪ ಡ್ರೈವರಾದರು. ಇವರು ಟ್ರೈಲರಿನ ಮೇಲೆ ನಿಂತು ಕಬ್ಬು ಜೋಡಿಸುವ ಆಳಾದರು.

1997ರಲ್ಲಿ ಅಜ್ಜಿ ಹಟ ಹಿಡಿದಳು. ‘ನಾನು ಸಾಯೂದ್ರೊಳಗ ಒಂದ್ಸಲ ಮುಡುಕುತೊರೇಲಿ ಗಾಡಿ ಬುಟ್ಕಂಡು ಇದ್ದು ಬರ್ಬೇಕು.’ ಗಾಡಿ ಎಲ್ಲಿದೆ? ಟ್ರೈಲರನ್ನೇ ಮನೆ ಮಾಡುವುದೆಂದು ತೀರ್ಮಾನವಾಯಿತು. ನಾಲ್ಕು ಮೂಲೆಗೆ ಬಿದಿರು ನೆಟ್ಟು, ಸೀಳಿದ ದಬ್ಬೆಗಳನ್ನು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಟಾರ್ಪಾಲು ಎಳೆದದ್ದು ಗಾಡಿಯಯ್ಯ. ತಳಕ್ಕೆ ಒಂದಾಳು ಹುಲ್ಲು, ಅದರ ಮೇಲೆ ಚಾಪೆ, ಜಮಖಾನ. ಮುಂದುಗಡೆ ಹಾಸಿಗೆ. ಹಿಂದುಗಡೆ ಅಕ್ಕಿ ಮೂಟೆ, ಪಾತ್ರೆ, ಸೌದೆ. ಅದಕ್ಕೂ ಹಿಂದೆ, ಟ್ರೈಲರಿನ ತುತ್ತತುದಿಯಲ್ಲಿ, ಇನ್ನೂರು ಲೀಟರಿನ ನೀಲಿ ಡ್ರಮ್ಮು. ಜಾತ್ರೆಯ ಜನ ಕಲಕಿದ ಹೊಳೆ ನೀರನ್ನು ಅಜ್ಜಿ ಕುಡಿಯಳು; ನಮ್ಮ ಬಾವಿ ನೀರೇ ಬೇಕು. ಕೆಳಗೆ ನಿಂತೇ ಮೊಗೆಯಲು ಅನುಕೂಲವಾಗಲಿ ಎಂದು ಡ್ರಮ್ಮನ್ನು ತುದಿಗಿಟ್ಟದ್ದು ನಾನು. ಗಾಡಿಯಯ್ಯ ಒಮ್ಮೆ ನೋಡಿದರು. ‘ಹಿಂದ್ಭಾರ ಆಯ್ತದಲ್ಲ ಚಿಕ್ಕಬುದ್ದಿ’ ಎಂದರು. ‘ಟ್ರ್ಯಾಕ್ಟರಿಗೆ ಅದೆಲ್ಲ ಲೆಕ್ಕವಿಲ್ಲ, ಎತ್ತಿನ ಕತ್ತಲ್ಲ ಇದು’ ಎಂದೆ.

ಆಗ ನಾನು ಮೈಸೂರಿನಲ್ಲಿ ಬಿಎಸ್ಸಿ ಎರಡನೆಯ ವರ್ಷ. ಭೌತಶಾಸ್ತ್ರದಲ್ಲಿ ನೂರಕ್ಕೆ ಎಂಬತ್ತಾರು. ಇದನ್ನು ಹೇಳುವುದು ಜಂಬಕ್ಕಲ್ಲ, ಮುಂದಿನದಕ್ಕೆ ಬೇಕು.

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಟಾರ್ಪಾಲಿನೊಳಗೆ ಅಜ್ಜಿ, ಅಮ್ಮ, ಸೋದರತ್ತೆ. ಗಾಡಿಯಯ್ಯ ಹಿಂಬಾಗಿಲಿಗೆ ಒರಗಿ ಕೂತಿದ್ದರು. ನಾನು ಚಿಕ್ಕಪ್ಪನ ಪಕ್ಕದ ಮಡ್‌ಗಾರ್ಡಿನ ಮೇಲೆ. ಅಪ್ಪ ಹಿಂದಿನ ದಿನವೇ ನೆಂಟರ ಜೊತೆ ಹೋಗಿ ಜಾಗ ಹಿಡಿದಿದ್ದರು. ತಿ. ನರಸೀಪುರದಲ್ಲಿ ಸಂಗಮದ ಹತ್ತಿರ ನಿಲ್ಲಿಸಿ ಅಜ್ಜಿ ಕೈಕಾಲು ತೊಳೆದಳು. 1989ರಿಂದ ಅಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುತ್ತಿದ್ದರಾದರೂ ಅಜ್ಜಿಗೆ ಅದರ ಗೊಡವೆಯಿರಲಿಲ್ಲ. ‘ನಮ್ಮೂರ ಹೊಳೆ ಇಲ್ಲಿಗೆ ಬಂದು ಹೆಸರು ಕಳ್ಕತದ’ ಎಂದು ಕಪಿಲೆಯನ್ನೇ ನೋಡುತ್ತಾ ನಿಂತಿದ್ದಳು. ಚಿಕ್ಕಪ್ಪನಿಗೆ ಅವಸರ. ನಮ್ಮನ್ನು ಮುಡುಕುತೊರೆಯಲ್ಲಿ ಬಿಟ್ಟು, ಟ್ರೈಲರನ್ನು ಅಲ್ಲೇ ಕಳಚಿ, ಬರೀ ಟ್ರ್ಯಾಕ್ಟರಿನಲ್ಲಿ ಅದೇ ರಾತ್ರಿ ಊರಿಗೆ ಹಿಂದಿರುಗಬೇಕಿತ್ತು. ಬೆಳಗಿನ ಜಾವಕ್ಕೆ ಬೇರೆಯವರ ಕಬ್ಬಿನ ಗದ್ದೆಗೆ ಬಾಡಿಗೆ ಒಪ್ಪಿಕೊಂಡಿದ್ದರು.

ಜಾತ್ರೆಯ ಬಯಲು ತಲುಪಿದಾಗ ಹೊತ್ತು ಮುಳುಗಿ ದೂಳು ಕೆಂಪಗಿತ್ತು. ಅಪ್ಪ ಹಿಡಿದಿದ್ದ ಜಾಗ ಚೆನ್ನಾಗಿತ್ತು, ಆದರೆ ಹೊಳೆಯ ಕಡೆಗೆ ಇಳಿಜಾರು. ಕಣ್ಣಿಗೆ ಕಾಣುವಂಥದ್ದಲ್ಲ, ನೀರು ಚೆಲ್ಲಿದರೆ ಗೊತ್ತಾಗುವಂಥದ್ದು. ಚಿಕ್ಕಪ್ಪ ಟ್ರ್ಯಾಕ್ಟರಿನ ಮೂತಿ ಮೇಲಕ್ಕಿರುವಂತೆ ನಿಲ್ಲಿಸಿದರು. ಟ್ರೈಲರಿನ ಬೆನ್ನು ಇಳಿಜಾರಿಗೆ. ಎಂಜಿನ್ನು ಓಡುತ್ತಲೇ ಇತ್ತು. ಅಮ್ಮ ಅತ್ತೆ ಹಿಂಬಾಗಿಲು ತೆಗೆದು ಪಾತ್ರೆ ಹುಡುಕುತ್ತಿದ್ದರು. ‘ಬೇಗ ಪಿನ್ನು ತೆಗಿಯೋ’ ಎಂದರು ಚಿಕ್ಕಪ್ಪ.

ಇದನ್ನು ನೋಡದವರಿಗೆ ಒಂದು ಮಾತು. ಟ್ರೈಲರಿನ ಮುಂದೆ ಚಾಚಿಕೊಂಡಿರುವ ಉದ್ದನೆಯ ಕಬ್ಬಿಣಕ್ಕೂ ನಮ್ಮಲ್ಲಿ ಎತ್ತಿನ ಗಾಡಿಯ ಹೆಸರೇ: ಮೂಕಿ. ಮೂಕಿಯ ತುದಿಯಲ್ಲೊಂದು ಬಳೆ. ಟ್ರ್ಯಾಕ್ಟರಿನ ಹಿಂಬದಿಯ ಎರಡು ಕಬ್ಬಿಣದ ತುಟಿಗಳ ನಡುವೆ ಆ ಬಳೆಯನ್ನು ತೂರಿಸಿ, ಮೇಲಿನಿಂದ ಹೆಬ್ಬೆರಳು ದಪ್ಪದ ಪಿನ್ನೊಂದನ್ನು ಇಳಿಬಿಟ್ಟರೆ ಮುಗಿಯಿತು. ಅಷ್ಟು ಭಾರ ಎಳೆಯುವುದು ಆ ಒಂದು ಪಿನ್ನಿನ ಮೇಲೆ. ಎರಡೇ ಚಕ್ರದ ಟ್ರೈಲರು ತನ್ನಷ್ಟಕ್ಕೆ ನಿಲ್ಲಲಾರದು. ಅಚ್ಚಿನ ಮೇಲೆ ಮಕ್ಕಳ ಏತಪಾತದ ಹಲಗೆಯಂತೆ ಕೂತಿರುತ್ತದೆ. ಮುಂದೆ ಭಾರವಿದ್ದರೆ ಮೂಕಿ ಕುಸಿಯುತ್ತದೆ, ಹಿಂದೆ ಭಾರವಿದ್ದರೆ ಏಳುತ್ತದೆ. ಪಿನ್ನು ಇರುವವರೆಗೆ ಎರಡೂ ಗೊತ್ತಾಗುವುದಿಲ್ಲ.

ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಕುಕ್ಕರುಗಾಲಲ್ಲಿ ಕೂತು ಪಿನ್ನು ಎಳೆದೆ. ಬರಲಿಲ್ಲ. ತಿರುಗಿಸಿದೆ. ಅಲ್ಲಾಡಲಿಲ್ಲ. ಗಾಡಿಯಯ್ಯ ಆಗಲೇ ಕಲ್ಲು ಹುಡುಕಲು ಹೋಗಿದ್ದರು. ಚಕ್ರದ ಹಿಂದೆ ಇಡಲು ಎರಡು ದಪ್ಪ ಕಲ್ಲು, ಹಿಂಬದಿಗೆ ಆನಿಸಲು ಒಂದು ಮರದ ತುಂಡು. ಕತ್ತಲಲ್ಲಿ ಒಂದು ಕಲ್ಲು ಹೊತ್ತುಕೊಂಡು ಬರುತ್ತಾ ನನ್ನನ್ನು ನೋಡಿದರು.

‘ತಾಳಿ ಚಿಕ್ಕಬುದ್ದಿ. ಕಲ್ಲ ಕೊಟ್ಟಿಲ್ಲ. ಹೆಣ್ಮಕ್ಳು ಇಳೀನಿಲ್ಲ.’

‘ಪಿನ್ನು ತುಕ್ಕು ಹಿಡ್ದಿದೆ ಅಷ್ಟೆ’ ಎಂದೆ.

‘ತುಕ್ಕಲ್ಲ. ಪಿನ್ನು ಹಿಡ್ಕಂಡದ ಅಂದ್ರ ಗಾಡಿ ಎತ್ಲಾಗೋ ಎಳೀತಾ ಅದ.’

ಪಕ್ಕದ ಬಿಡಾರದ ಹುಡುಗರು ನೋಡುತ್ತಿದ್ದರು. ಚಿಕ್ಕಪ್ಪ ಆಕ್ಸಿಲರೇಟರನ್ನು ಒಮ್ಮೆ ಗುರ್ರೆನ್ನಿಸಿದರು. ನಾನು ಟೂಲ್ ಬಾಕ್ಸಿನಿಂದ ಕಬ್ಬಿಣದ ಸಲಾಕೆ ತೆಗೆದು ಪಿನ್ನಿನ ಕೆಳತುದಿಗೆ ಒಂದು ಕೊಟ್ಟೆ. ಇನ್ನೊಂದು. ಮೂರನೆಯದಕ್ಕೆ ಪಿನ್ನು ಹಾರಿತು.

ಆಮೇಲಿನದು ನನಗೆ ಶಬ್ದಗಳಾಗಿ ನೆನಪಿದೆ. ಮೂಕಿ ನನ್ನ ಮುಖದ ಮುಂದೆ ಗಾಳಿ ಸೀಳಿಕೊಂಡು ಆಳೆತ್ತರಕ್ಕೆ ಎದ್ದಿತು. ಟ್ರೈಲರಿನ ಹಿಂಬದಿ ಧೊಪ್ಪನೆ ನೆಲಕ್ಕೆ ಬಡಿಯಿತು. ಒಳಗೆ ಪಾತ್ರೆಗಳೆಲ್ಲ ಒಟ್ಟಿಗೆ ಜಾರಿದ ಸದ್ದು, ಅಜ್ಜಿಯ ‘ಶಿವನೇ’. ನಾನು ಹಿಂದಕ್ಕೆ ಬಿದ್ದು ಮೇಲೆ ನೋಡುತ್ತಿದ್ದೆ. ಏಳಬೇಕೆಂಬುದೇ ಹೊಳೆಯಲಿಲ್ಲ. ಗಾಡಿಯಯ್ಯ ಕಲ್ಲು ಬಿಸಾಡಿ ಓಡಿಬಂದು ನನ್ನ ರಟ್ಟೆ ಹಿಡಿದು ಆಚೆಗೆ ಎಸೆದರು. ಎಸೆದರು ಎನ್ನುವುದೇ ಸರಿಯಾದ ಮಾತು. ಅದೇ ಕ್ಷಣಕ್ಕೆ ಡ್ರಮ್ಮು ತೆರೆದ ಹಿಂಬಾಗಿಲಿನಿಂದ ಉರುಳಿಬಿತ್ತು. ಇನ್ನೂರು ಲೀಟರು ನೀರು ಇಳಿಜಾರಿಗೆ ಸುರಿದುಹೋಯಿತು. ಹಿಂಭಾರ ಹೋದೊಡನೆ ಮೂಕಿ ಕೆಳಕ್ಕೆ ಬಂತು. ನನ್ನನ್ನು ತಳ್ಳಿದ ರಭಸಕ್ಕೆ ಮುಗ್ಗರಿಸಿ ನೆಲಕ್ಕೂರಿದ್ದ ಅವರ ಎಡಗೈಯ ಮೇಲೆ.

ಅವರು ಕೂಗಲಿಲ್ಲ. ‘ಎತ್ತಿ, ಎತ್ತಿ’ ಎಂದಷ್ಟೇ ಅಂದರು, ಯಾರದೋ ಗಾಡಿ ಹೂತುಕೊಂಡಾಗ ಹೇಳುವ ಹಾಗೆ.

ಅಜ್ಜಿಗೆ ಮೊಣಕೈ ತರಚಿತ್ತು. ಅಮ್ಮನಿಗೆ, ಅತ್ತೆಗೆ ಹುಲ್ಲು ಹಾಸಿಗೆಗಳಿಂದಾಗಿ ಏನೂ ಆಗಿರಲಿಲ್ಲ. ಕಳಚಿಕೊಂಡ ಟ್ರ್ಯಾಕ್ಟರೇ ಆಂಬುಲೆನ್ಸಾಯಿತು. ಟವೆಲ್ಲು ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಅವರು ಮಡ್‌ಗಾರ್ಡಿನ ಮೇಲೆ, ನಾನು ಅವರನ್ನು ತಬ್ಬಿ ಹಿಡಿದು ಪಕ್ಕದಲ್ಲಿ. ಅಷ್ಟು ಹತ್ತಿರ ಅವರನ್ನು ನಾನು ಮುಟ್ಟಿದ್ದು ಅದೇ ಮೊದಲು. ನರಸೀಪುರದಲ್ಲಿ ಕಟ್ಟು ಕಟ್ಟಿಸಿ, ಅಲ್ಲಿಂದ ರಾತ್ರಿಯೇ ಮೈಸೂರು. ಬೆಳಗಾಗುವಷ್ಟರಲ್ಲಿ ಎಡಗೈಯ ಕಿರುಬೆರಳು, ಉಂಗುರದ ಬೆರಳು ಇರಲಿಲ್ಲ.

ಆಸ್ಪತ್ರೆಯ ಚೀಟಿಗೆ ಏನಾಯಿತೆಂದು ಹೇಳಬೇಕಿತ್ತು. ಅಪ್ಪ ಹೇಳಿದರು: ‘ಟ್ರೈಲರ್ ಬಿಚ್ಚುವಾಗ ಕೈ ಕೊಟ್ಕೊಂಡ.’ ನಾನು ಪಕ್ಕದಲ್ಲೇ ನಿಂತಿದ್ದೆ. ಅಂಗಿಯ ತುಂಬ ಅವರ ರಕ್ತವಿತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಊರಿಗೆ ಬಂದ ಮೇಲೆ ಆ ವಾಕ್ಯವೇ ಉಳಿಯಿತು. ‘ಪಾಪ, ಮುಡುಕುತೊರೇಲಿ ಟ್ರೈಲರ್ ಬಿಚ್ಚೋಕೆ ಹೋಗಿ ಕೈ ಕೊಟ್ಕೊಂಡ.’ ವರ್ಷ ಕಳೆದಂತೆ ಅದೂ ಸವೆದು, ‘ಜಾತ್ರೇಲಿ ಬೆರಳು ಹೋಯ್ತು’ ಎಂದಾಯಿತು. ನಾನು ಹೇಳಿಕೊಳ್ಳುವಾಗಲೂ ‘ಪಿನ್ನು ಹಾರಿತು, ಮೂಕಿ ಎದ್ದಿತು, ಡ್ರಮ್ಮು ಬಿತ್ತು’ ಎಂದೇ ಹೇಳುತ್ತಿದ್ದೆ. ಮೇಲೆ ಬರೆದದ್ದನ್ನು ಈಗ ಓದಿದರೆ ಅಲ್ಲೂ ಹಾಗೆಯೇ ಬರೆದಿದ್ದೇನೆ. ನಮ್ಮ ಭಾಷೆಯಲ್ಲಿ ಮಾಡಿದವನನ್ನು ಹೇಳದೆ ಆದದ್ದನ್ನಷ್ಟೇ ಹೇಳಿ ಮುಗಿಸುವುದು ಬಹಳ ಸಲೀಸು. ಪಿನ್ನು ಹಾರಲಿಲ್ಲ. ನಾನು ಹೊಡೆದು ಹಾರಿಸಿದೆ.

ಅಪ್ಪ ಆಸ್ಪತ್ರೆ ಖರ್ಚು ಕೊಟ್ಟರು, ಆ ವರ್ಷ ನಾಲ್ಕು ಮೂಟೆ ಭತ್ತ ಕಳಿಸಿದರು. ಕೆಟ್ಟವರೇನಲ್ಲ. ಅವರ ಪ್ರಕಾರ ಲೆಕ್ಕ ಚುಕ್ತಾ ಆಗಿತ್ತು. ಗಾಡಿಯಯ್ಯ ಕೆಲವು ತಿಂಗಳ ಮೇಲೆ ಮತ್ತೆ ಕೆಲಸಕ್ಕೆ ಬಂದರು. ಕಬ್ಬಿನ ಹೊರೆಗೆ ಹಗ್ಗ ಬಿಗಿಯಲು ಎಡಗೈ ಸಾಲದೆ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ನಾನು ರಜಕ್ಕೆ ಹೋದಾಗ ಆ ಕಡೆ ನೋಡದಂತೆ ನಡೆದುಕೊಳ್ಳುವುದನ್ನು ಕಲಿತೆ.

ಎಂಎಸ್ಸಿ ಮುಗಿಸಿ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರಾದೆ. ಪ್ರತಿವರ್ಷ ತಿರುಗುಬಲದ ಪಾಠ ಬರುತ್ತದೆ. ಬಲ ಗುಣಿಸು ಆಧಾರಬಿಂದುವಿನಿಂದ ಇರುವ ದೂರ. ಮೊದಲ ವರ್ಷ ಬೋರ್ಡಿನ ಮೇಲೆ ಹಲಗೆಯ ಚಿತ್ರ ಬರೆದು, ನಡುವೆ ತ್ರಿಕೋನ ಇಟ್ಟ ಕೂಡಲೇ ಕೈ ನಿಂತಿತು. ಅಂದು ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಮಾಡಿದೆ. ಅಚ್ಚಿನಿಂದ ಪಿನ್ನಿಗೆ ಸುಮಾರು 10 ಅಡಿ. ಡ್ರಮ್ಮು ಅಚ್ಚಿನಿಂದ ಹಿಂದಕ್ಕೆ ನಾಲ್ಕೂವರೆ ಅಡಿ. ನೀರೇ 200 ಕಿಲೋ. ಅದೊಂದೇ ಮೂಕಿಯನ್ನು 90 ಕಿಲೋ ಬಲದಿಂದ ಮೇಲೆತ್ತುತ್ತದೆ. ಮೂರು ಜನ ಹೆಂಗಸರು, 150 ಕಿಲೋ ಎನ್ನಿ, ಅಚ್ಚಿನ ಹಿಂದೆ ಮೂರಡಿಯಲ್ಲಿ: ಇನ್ನೊಂದು 45. ಮೂಕಿಯ ಸ್ವಂತ ಭಾರ 80 ಕಿಲೋ ಎಂದು ಅಂದಾಜಿಗೆ ಹಿಡಿದರೂ 55 ಕಿಲೋ ಮೇಲ್ಮುಖ. ಡ್ರಮ್ಮು ಬಿದ್ದ ಮೇಲೆ ಅದೇ 35 ಕಿಲೋ ಕೆಳಮುಖ, ಆಳೆತ್ತರದಿಂದ. ಇದರ ಮೇಲೆ ಇಳಿಜಾರು ಟ್ರೈಲರನ್ನು ಹಿಂದಕ್ಕೆ ಎಳೆಯುತ್ತಿತ್ತು. ಆ ಎಳೆತಕ್ಕೇ ಪಿನ್ನು ಕಚ್ಚಿಕೊಂಡಿತ್ತು. ಐದು ನಿಮಿಷದ ಲೆಕ್ಕ. ಅಂದು ಮಧ್ಯಾಹ್ನ ಡ್ರಮ್ಮನ್ನು ಒಮ್ಮೆ ನೋಡಿ ಗಾಡಿಯಯ್ಯ ಮಾಡಿ ಮುಗಿಸಿದ್ದ ಲೆಕ್ಕ. ‘ಹಿಂದ್ಭಾರ’ ಎಂಬ ಒಂದು ಪದದಲ್ಲಿ ಅವರು ಉತ್ತರವನ್ನೇ ಕೊಟ್ಟಿದ್ದರು. ನನಗೆ ಅದು ವಿಜ್ಞಾನದ ಹಾಗೆ ಕೇಳಿಸಿರಲಿಲ್ಲ.

ಎತ್ತಿನ ಗಾಡಿಯಲ್ಲಿ ಇದು ಪ್ರತಿದಿನದ ವಿದ್ಯೆ. ಮುಂಭಾರವಾದರೆ ಎತ್ತಿನ ಕತ್ತು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಕಣ್ಣಿ ಉಸಿರು ಕಟ್ಟಿಸುತ್ತದೆ. ಏರು ಹತ್ತುವಾಗ ಗಾಡಿ ಹೊಡೆಯುವವನು ಮುಂದಕ್ಕೆ ಸರಿದು ಕೂರುವುದು, ಇಳಿಜಾರಿನಲ್ಲಿ ಹಿಂದಕ್ಕೆ ಜರುಗುವುದು ಇದಕ್ಕೇ. ತಪ್ಪಿದರೆ ಎತ್ತು ಹೇಳುತ್ತದೆ: ಕತ್ತು ಕೊಡವುತ್ತದೆ, ನಿಲ್ಲುತ್ತದೆ. ಟ್ರ್ಯಾಕ್ಟರು ಹೇಳುವುದಿಲ್ಲ ಎಂದುಕೊಂಡಿದ್ದೆ. ಹೇಳಿತ್ತು, ಪಿನ್ನಿನ ಮೂಲಕ ಹೇಳಿತ್ತು.

ನಂಜನಗೂಡಿನ ದೊಡ್ಡಜಾತ್ರೆಯನ್ನೂ ನಾನು ಆಮೇಲೆ ಬೇರೆ ರೀತಿ ನೋಡಲು ಶುರುಮಾಡಿದೆ. ಐದು ರಥಗಳು, ಅವುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವೇ ದೊಡ್ಡದು. ಜನರೆಲ್ಲ ಕಳಶ ನೋಡುತ್ತಾರೆ, ಹಣ್ಣು ಜವನ ಎಸೆಯುತ್ತಾರೆ, ಹಗ್ಗಕ್ಕೆ ಕೈ ಹಚ್ಚುತ್ತಾರೆ. ನಾನು ಚಕ್ರದ ಪಕ್ಕ ಮರದ ತುಂಡು ಹಿಡಿದು ಬಗ್ಗಿ ನಡೆಯುವವರನ್ನು ನೋಡುತ್ತೇನೆ. ಎಳೆಯುವವರು ಸಾವಿರಾರು. ನಿಲ್ಲಿಸುವವರು, ರಾಜಬೀದಿಯ ತಿರುವಿನಲ್ಲಿ ತಿರುಗಿಸುವವರು ಇವರೇ. ಚಕ್ರಕ್ಕೂ ನೆಲಕ್ಕೂ ನಡುವಿನ ಆ ಗೇಣಿನಲ್ಲಿ ಕೈಯಿಟ್ಟು ತೆಗೆಯುವ ಸಮಯ ಅವರಿಗೆ ಗೊತ್ತು. ಒಂದು ಸಲ ನನ್ನ ಮಗಳು, ‘ಅಪ್ಪಾ, ದೇವರು ಮೇಲಿದ್ದಾನೆ, ನೀನು ಕೆಳಗೆ ಏನು ನೋಡ್ತಿದ್ದೀಯ?’ ಎಂದಳು. ಹೇಳಬಹುದಿತ್ತು. ಹೇಳಲಿಲ್ಲ.

ಅಪ್ಪ 2023ರಲ್ಲಿ ತೀರಿಕೊಂಡರು. ತಿಥಿಯ ದಿನ ಗಾಡಿಯಯ್ಯ ಬಂದರು. ಎಪ್ಪತ್ತು ದಾಟಿದೆ, ಬೆನ್ನು ಬಾಗಿದೆ. ಅಂಗಳದ ಕಂಬಕ್ಕೆ ಒರಗಿ ಕೂತಿದ್ದರು. ಊಟಕ್ಕೆ ಎಲೆ ಹಾಕಿದಾಗ ‘ಎಲ್ಲರೂ ಏಳ್ಲಿ ಬುಡಿ’ ಎಂದರು. ನಾನು ಕೈ ಹಿಡಿದು ಎಬ್ಬಿಸಿದೆ. ಹಿಡಿದದ್ದು ಎಡಗೈ. ಮೂರು ಬೆರಳು ನನ್ನ ಅಂಗೈಗೆ ಸಿಕ್ಕಿದವು. ಅಂದು ಏನೂ ಹೇಳಲಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಐವತ್ತು ವರ್ಷ ನಮ್ಮ ಮನೆಗೆ ದುಡಿದವರ ಮನೆಯ ಹೊಸ್ತಿಲನ್ನು ನಾನು ದಾಟಿದ್ದು ಆವತ್ತೇ ಮೊದಲು. ಸೊಸೆ ಕುರ್ಚಿ ತಂದಿಟ್ಟಳು. ನಾನು ಕೆಳಗೆ ಕೂರಲು ಹೋದೆ, ಅವರು ಬಿಡಲಿಲ್ಲ. ಹೇಗೆ ಶುರುಮಾಡಬೇಕೆಂದು ರಾತ್ರಿಯಿಡೀ ಕಟ್ಟಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ‘ಅಯ್ಯಾ, ಮುಡುಕುತೊರೇಲಿ ಪಿನ್ನಿಗೆ ಹೊಡೆದದ್ದು ನಾನು. ನೀವು ಬೇಡ ಅಂದಿದ್ರಿ. ಆಸ್ಪತ್ರೇಲಿ ಅಪ್ಪ ಸುಳ್ಳು ಹೇಳ್ದಾಗ ನಾನು ಸುಮ್ನಿದ್ದೆ’ ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಸೊಸೆ ನೀರು ಸೇದುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

‘ನಂಗ ಗೊತ್ತಿಲ್ವಾ?’ ಎಂದರು.

ಮತ್ತೆ ಸುಮ್ಮನಾದರು. ನಾನು ಅಳಬಾರದೆಂದು ನೆಲ ನೋಡುತ್ತಿದ್ದೆ. ಅತ್ತುಬಿಟ್ಟರೆ ಸಮಾಧಾನ ಮಾಡುವ ಕೆಲಸವನ್ನೂ ಅವರ ಮೇಲೆ ಹಾಕಿದಂತೆ.

‘ನಮ್ಮ ಹುಡ್ಗನ್ಗೆ ಇವತ್ಗೂ ಹಂಗೇ ತಿಳ್ಕಂಡದ’ ಎಂದರು. ‘ನಾನು ಕುಡ್ದಿದ್ದೆ, ಅದ್ಕ ಕೈ ಕೊಟ್ಕಂಡೆ ಅಂತ. ಊರಲ್ಲಿ ಯಾರೋ ಸೇರ್ಸವ್ರೆ. ಅದೊಂದ ನೀವೇ ಅಂವ್ನಿಗ ಹೇಳ್ಬುಡಿ.’

ಕುಡಿದಿದ್ದರೆಂಬ ಮಾತು ನನಗೆ ಗೊತ್ತೇ ಇರಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಊರು ತನಗೆ ತೋಚಿದ್ದನ್ನು ತುಂಬಿಕೊಂಡಿತ್ತು. ಅವರ ಮಗ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಶಿಫ್ಟು ಮುಗಿಸಿ ಮಧ್ಯಾಹ್ನ ಬಂದ. ನನಗಿಂತ ಐದಾರು ವರ್ಷ ಚಿಕ್ಕವನು. ಅವನೆದುರು ಎಲ್ಲವನ್ನೂ ಮೊದಲಿನಿಂದ ಹೇಳಿದೆ, ಡ್ರಮ್ಮಿನಿಂದ ಹಿಡಿದು. ಕೇಳಿಸಿಕೊಂಡ. ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ನಿಂತಿದ್ದ. ‘ಇಪ್ಪತ್ತಾರು ವರ್ಷ ಸಾ’ ಎಂದ ಕೊನೆಗೆ. ಅಷ್ಟೇ ಹೇಳಿ ಒಳಗೆ ಹೋದ. ಅವನು ನನ್ನ ಜೊತೆ ಈಗಲೂ ಹೆಚ್ಚು ಮಾತಾಡುವುದಿಲ್ಲ. ಮಾತಾಡಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಈಚೆಗೆ ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಡಿಯೊ ಕಳಿಸಿದ್ದ. ರಜೆಯಲ್ಲಿ ಅವನು ಕಾರಿನ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಹೆಂಡತಿ ಮಕ್ಕಳೊಂದಿಗೆ ತಿರುಗುತ್ತಾನೆ: ಒಲೆ, ಮಂಚ, ನೀರಿನ ತೊಟ್ಟಿ ಎಲ್ಲ ಇರುವ ಟ್ರೈಲರು. ಅದನ್ನು ಕಳಚುವಾಗ ಅನುಸರಿಸಲು ಪ್ಲಾಸ್ಟಿಕ್ ಹಾಳೆಯಲ್ಲಿ ಅಚ್ಚು ಹಾಕಿಸಿದ ಪಟ್ಟಿ. ಮೊದಲು ಚಕ್ರಕ್ಕೆ ತಡೆ, ಆಮೇಲೆ ಮುಂದಿನ ಕಾಲು ಇಳಿಸುವುದು, ಆಮೇಲೆ ಕೊಂಡಿ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕೆಂಬ ನಿಯಮ ಬೇರೆ. ಊರಿಗೆ ಹೋದಾಗ ಗಾಡಿಯಯ್ಯನಿಗೆ ತೋರಿಸಿದೆ. ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

‘ಅಲ್ಲೂವೆ ಕಲ್ಲ ಕೊಡ್ತರಾ?’

‘ರಬ್ಬರಿಂದು ಕೊಡ್ತಾರೆ.’

‘ಮುಂದ್ಭಾರ ಒಸಿ ಇರ್ಬೇಕು ಅಂತರಾ?’

‘ಹ್ಞೂಂ. ನೂರಕ್ಕೆ ಹತ್ತು ಹದಿನೈದು.’

‘ಒಂದು ಹೆಗಲ ಭಾರ’ ಎಂದರು ತಮಗೆ ತಾವೇ. ನೊಗಕ್ಕೆ ಕೈಯಿಟ್ಟು ಎತ್ತಿ ನೋಡುವ ಅಳತೆ ಅದಿರಬೇಕು.

ಅಂದೇ ಸಾಯಂಕಾಲ ತಮ್ಮ ಗೊಬ್ಬರ ಹೊಡೆದು ಬಂದು ಟ್ರ್ಯಾಕ್ಟರು ನಿಲ್ಲಿಸಿದ. ಟ್ರ್ಯಾಕ್ಟರು ಹೊಸದು, ಟ್ರೈಲರು ಅದೇ ಹಳೆಯದು, ತಳದ ತಗಡು ಎರಡು ಸಲ ಬದಲಾಗಿದೆ. ‘ನಾನು ಬಿಚ್ತೀನಿ’ ಎಂದೆ. ತಮ್ಮ ನಕ್ಕ. ಗಾಡಿಯಯ್ಯ ಕೋಲೂರಿಕೊಂಡು ಬಂದು, ಮೂಕಿಯಿಂದ ಎರಡು ಮಾರು ದೂರಕ್ಕೆ, ಪಕ್ಕಕ್ಕೆ ನಿಂತರು. ಎದುರಿಗಲ್ಲ.

‘ಮೊದ್ಲು?’ ಎಂದರು.

ಎರಡು ಕಲ್ಲು ತಂದು ಚಕ್ರದ ಹಿಂದಕ್ಕೆ ಒದ್ದು ಕೂರಿಸಿದೆ. ಕೋಲಿನ ತುದಿಯಿಂದ ಮುಂದಕ್ಕೂ ತೋರಿಸಿದರು. ಇನ್ನೆರಡು ತಂದೆ. ಮೇಲೆ ಹತ್ತಿ ಕೂತಿದ್ದ ತಮ್ಮನ ಮಗನನ್ನು ಇಳಿಸಿದೆ. ತಳದಲ್ಲಿ ಉಳಿದಿದ್ದ ಗೊಬ್ಬರ ಎತ್ತ ಕಡೆಗಿದೆ ಎಂದು ಬಗ್ಗಿ ನೋಡಿದೆ. ಹಿಂದಕ್ಕೊಂದು ಮರ ಆನಿಸಿ, ಮುಂದಿನ ಕಾಲು ಇಳಿಸಿದೆ. ಆಮೇಲೆ ಪಿನ್ನು ಹಿಡಿದೆ. ಬರಲಿಲ್ಲ.

ಅವರ ಕಡೆ ನೋಡಿದೆ. ಅವರು ಏನೂ ಹೇಳದೆ ನೆಲದ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಟ್ರ್ಯಾಕ್ಟರಿನ ಹಿಂದಿನ ಚಕ್ರ ಸಣ್ಣದೊಂದು ಗುಂಡಿಗೆ ಇಳಿದಿತ್ತು. ಮುಂದಕ್ಕೆ ಎಳೆಯುತ್ತಿದ್ದುದು ಈ ಸಲ ಟ್ರೈಲರಲ್ಲ, ಟ್ರ್ಯಾಕ್ಟರು. ತಮ್ಮನಿಗೆ ಒಂದು ಗೇಣು ಹಿಂದಕ್ಕೆ ತಗೊ ಎಂದೆ. ತಗೊಂಡ. ಪಿನ್ನು ಎರಡು ಬೆರಳಿಗೆ ಸಲೀಸಾಗಿ ಮೇಲೆ ಬಂತು.

ತಮ್ಮನ ಹೆಂಡತಿ ನಾಲ್ಕು ಸ್ಟೀಲ್ ಲೋಟದಲ್ಲಿ ಟೀ ತಂದಳು. ನಾನು ಪಿನ್ನನ್ನು ಎಲ್ಲಿಡಲೆಂದು ಹುಡುಕುತ್ತಿದ್ದೆ. ‘ತೂತ್ಗೇ ಬುಡಿ, ನಾಳ ಬೆಳಿಗ್ಗ ಹುಡುಕ್ಬೇಕಾಯ್ತದ’ ಎಂದು ಗಾಡಿಯಯ್ಯ ಟೀ ಲೋಟಕ್ಕೆ ಕೈ ಚಾಚಿದರು.